ಸಾಲದಿಂದ ಟೆನ್ಷನ್ನೋ, ಟೆನ್ಷನ್‌ನಿಂದ ಸಾಲವೋ: ಪ್ಯಾನೆಲ್ ಡೇಟಾ ಮಾಡೆಲ್ ಕೈಕೊಟ್ರೆ ಎಲ್ಲಿಂದ ಹುಡುಕೋದು

ಒಂದೇ ಮನೆಯವರನ್ನ ವರ್ಷ ಬಿಟ್ಟು ವರ್ಷ ಹೋಗಿ ಮಾತಾಡ್ಸಿ ತಂದ ಡೇಟಾ (ಪ್ಯಾನೆಲ್ ಡೇಟಾ ಅನ್ನೋದು ಇದಕ್ಕೇ) ಕೈಯಲ್ಲಿದೆ ಅಂದ್ಕೊಳ್ಳಿ. ಮನೆಗೆ ಎಷ್ಟು ಸಾಲ ಇದೆ, ಮನಸ್ಸಿಗೆ ಎಷ್ಟು ಒತ್ತಡ ಇದೆ, ಎರಡೂ ಪ್ರತಿ ವೇವ್‌ನಲ್ಲೂ (ಅಂದ್ರೆ ಸರ್ವೆಯ ಪ್ರತಿ ಸುತ್ತಲ್ಲೂ) ಕೇಳಿದಾರೆ. ಸಾಲ ಜಾಸ್ತಿಯಾದ್ರೆ ನಿದ್ದೆ ಹಾಳು, ನಿದ್ದೆ ಹಾಳಾದ್ರೆ ಕೆಲಸ ಹಾಳು, ಕೆಲಸ ಹಾಳಾದ್ರೆ ಮತ್ತೆ ಸಾಲ, ಹೀಗೆ ಎರಡೂ ದಿಕ್ಕಿಗೆ ಬಾಣ ಇರ್ಬಹುದು ಅಂತ ಯಾರಿಗಾದ್ರೂ ಗೊತ್ತಾಗುತ್ತೆ. ಹೋದ ವೇವ್‌ನ ಸಾಲ ಈ ವೇವ್‌ನ ಒತ್ತಡಕ್ಕೆ, ಹೋದ ವೇವ್‌ನ ಒತ್ತಡ ಈ ವೇವ್‌ನ ಸಾಲಕ್ಕೆ, ಹೀಗೆ ಅಡ್ಡ ಬಾಣ ಹಾಕೋದನ್ನೇ ಕ್ರಾಸ್-ಲ್ಯಾಗ್ಡ್ ಪ್ಯಾನೆಲ್ ಮಾಡೆಲ್ ಅಂತಾರೆ. ಓಡ್ಸೋದು ಹತ್ತು ನಿಮಿಷದ ಕೆಲಸ, ಆಮೇಲೆ ಬಂದ ನಂಬರ್ ನಂಬೋದಾ ಬೇಡ್ವಾ ಅನ್ನೋದು ಹತ್ತು ವಾರದ ಕೆಲಸ.

ಕೆಳಗಿರೋದು ಔಟ್‌ಪುಟ್ ನೋಡಿದಾಗ ಕಣ್ಣಿಗೆ ಬೀಳೋ ಲಕ್ಷಣದ ಪ್ರಕಾರ ಬರೆದಿರೋದು. ನಿಮ್ಮ ಲಕ್ಷಣ ಯಾವ್ದೋ ಅಲ್ಲಿಗೆ ನೇರ ಹೋಗಿ, ಆದ್ರೆ ಮೊದಲನೇದನ್ನ ಎಲ್ಲರೂ ಒಮ್ಮೆ ಓದಿ ಯಾಕಂದ್ರೆ ಅಲ್ಲಿರೋ ತಪ್ಪು ನಂಗೂ ಆಗಿದೆ, ನನಗಿಂತ ದೊಡ್ಡವರಿಗೂ ಆಗಿದೆ.

ಕೈ ಹಾಕೋ ಮುಂಚೆ ಎರಡು ಎಚ್ಚರಿಕೆ. ಮೂಲ ಫೈಲ್‌ನ ರೀಡ್-ಓನ್ಲಿ ಮಾಡಿಟ್ಬಿಡಿ, ಬದಲಾವಣೆ ಎಲ್ಲಾ ಕೋಡ್‌ನಲ್ಲೇ ಆಗ್ಬೇಕು, ಎಕ್ಸೆಲ್ ತೆರೆದು ಕೈಯಿಂದ ತಿದ್ದಿದ್ರೆ ಆಮೇಲೆ ಯಾರಿಗೂ ಲೆಕ್ಕ ಸಿಗಲ್ಲ. ಎರಡನೇದು, ಸಾಲ, ಮಾನಸಿಕ ಆರೋಗ್ಯ ಎಲ್ಲಾ ಒಬ್ಬರ ಮನೆ ಒಳಗಿನ ವಿಷಯ. ಎರರ್ ಬಂತು ಅಂತ ಹೆಸರು, ಊರು, ಫೋನ್ ನಂಬರ್ ಇರೋ ಹತ್ತು ಸಾಲುಗಳನ್ನ ಕಾಪಿ ಮಾಡಿ ಗ್ರೂಪಿಗೋ ಎಐ ಚಾಟಿಗೋ ಹಾಕ್ಬೇಡಿ.

ಲಕ್ಷಣ: ಎರಡೂ ದಿಕ್ಕಿಗೆ ಮೂರು ಮೂರು ಸ್ಟಾರ್

ಸಾಲದಿಂದ ಒತ್ತಡ ಸಿಗ್ನಿಫಿಕೆಂಟ್ (ಆಕಸ್ಮಿಕ ಅನ್ನೋಕೆ ಕಷ್ಟ ಅಂತ ಔಟ್‌ಪುಟ್ ಸ್ಟಾರ್ ಹಾಕಿ ತೋರ್ಸೋದು), ಒತ್ತಡದಿಂದ ಸಾಲವೂ ಸಿಗ್ನಿಫಿಕೆಂಟ್, ಎರಡೂ ಪ್ಲಸ್. ನೋಡಿದ ತಕ್ಷಣ ಖುಷಿ ಆಗುತ್ತೆ, ಅಬ್ಬಾ ವಿಷಚಕ್ರ ಸಿಕ್ತು ಅಂತ. ಅನುಮಾನ ಪಡಬೇಕಾಗಿರೋದು ಆಗ್ಲೇ.

ಎಲ್ಲಕ್ಕಿಂತ ಅಗ್ಗದ ಚೆಕ್ ಲ್ಯಾಗ್ ಕಾಲಮ್ (ಹಿಂದಿನ ವೇವ್‌ನ ನಂಬರ್ ಇರೋ ಕಾಲಮ್) ನೋಡೋದು. ಮಾಡೆಲ್ ಬಿಡಿ, ಡೇಟಾ ತೆರೆದು ಮೊದಲ ಇಪ್ಪತ್ತು ಸಾಲುಗಳನ್ನ ಕಣ್ಣಾರೆ ಓದಿ. ನನ್ನ ಫೈಲ್‌ನಲ್ಲಿ ಒಮ್ಮೆ ಹೀಗಿತ್ತು: ಐಡಿ 101, ವೇವ್ 4, ಸಾಲ 80 ಸಾವಿರ. ಅದರ ಕೆಳಗಿನ ಸಾಲು ಐಡಿ 102, ವೇವ್ 1, "ಹಿಂದಿನ ಸಾಲ" ಕಾಲಮ್‌ನಲ್ಲಿ 80 ಸಾವಿರ. ಅಂದ್ರೆ ಪಕ್ಕದ ಮನೆಯವರ ಸಾಲ ಇವರ ತಲೆಗೆ ಬಂದಿದೆ! ಆರ್ ಅನ್ನೋ ಸ್ಟಾಟಿಸ್ಟಿಕ್ಸ್ ಸಾಫ್ಟ್‌ವೇರ್‌ನಲ್ಲಿ ಗ್ರೂಪ್-ಬೈ (ಒಬ್ಬೊಬ್ಬರ ಸಾಲುಗಳನ್ನ ಬೇರೆ ಬೇರೆ ಇಡೋ ಆಜ್ಞೆ) ಹಾಕೋದು ಮರೆತು ಲ್ಯಾಗ್ ತಗೊಂಡ್ರೆ ಆಗೋದೇ ಇದು. ಎರರ್ ಬರಲ್ಲ, ವಾರ್ನಿಂಗೂ ಬರಲ್ಲ, ಮಾಡೆಲ್ ಆರಾಮಾಗಿ ಓಡುತ್ತೆ, ಮನೆಗಳನ್ನ ಊರಿನ ಪ್ರಕಾರ ಜೋಡ್ಸಿದ್ರಂತೂ ಪಕ್ಕದ ಮನೆಗಳು ಒಂದೇ ಥರ ಇರೋದ್ರಿಂದ ಸ್ಟಾರ್ ಕೂಡ ಬರುತ್ತೆ.

ಖರ್ಚಿಲ್ಲದ ಪರೀಕ್ಷೆ ಏನಂದ್ರೆ ಲ್ಯಾಗ್ ಕಾಲಮ್‌ನಲ್ಲಿ ಖಾಲಿ ಎಷ್ಟಿದೆ ಎಣಿಸಿ. ಪ್ರತಿಯೊಬ್ಬರ ಮೊದಲನೇ ವೇವ್‌ಗೂ ಹಿಂದಿನದು ಅಂತ ಇರಲ್ಲ, ಹಾಗಾಗಿ ಕಡಿಮೆ ಅಂದ್ರೂ ಎಷ್ಟು ಜನ ಇದಾರೋ ಅಷ್ಟು ಖಾಲಿ ಇರ್ಲೇಬೇಕು. ಒಂದೇ ಒಂದು ಖಾಲಿ ಇದ್ರೆ ಕಥೆ ಮುಗೀತು, ಇಡೀ ಫೈಲ್‌ನ ಒಬ್ಬನೇ ಮನುಷ್ಯ ಅಂತ ಅದು ಓದಿದೆ. ಇನ್ನೊಂದು, ಒಬ್ಬರು ವೇವ್ 1, 2, 4ಕ್ಕೆ ಸಿಕ್ಕಿ 3ಕ್ಕೆ ಸಿಗ್ಲಿಲ್ಲ ಅಂದ್ರೆ ಡಿಪ್ಲೈಯರ್ (ಆರ್‌ನ ಒಂದು ಪ್ಯಾಕೇಜ್) ಲ್ಯಾಗ್ ಮೇಲಿನ ಸಾಲು ನೋಡುತ್ತೆ ಹೊರತು ವರ್ಷ ನೋಡಲ್ಲ, ಹಾಗಾಗಿ 4ರ ಹಿಂದಿನದು ಅಂತ 2ನ್ನ ತಂದಿಡುತ್ತೆ. ಸ್ಟಾಟಾ ಅನ್ನೋ ಇನ್ನೊಂದು ಸಾಫ್ಟ್‌ವೇರ್‌ನಲ್ಲಿ ಎಕ್ಸ್‌ಟಿಸೆಟ್ (ಇದು ಪ್ಯಾನೆಲ್ ಡೇಟಾ ಅಂತ ಹೇಳೋ ಆಜ್ಞೆ) ಮಾಡಿ ಎಲ್-ಡಾಟ್ (ಲ್ಯಾಗ್ ತರೋದು) ಹಾಕಿದ್ರೆ ಅಲ್ಲಿ ಖಾಲಿ ಬಿಡುತ್ತೆ, ಅದೇ ಸರಿ. ಇನ್ನು ಆರ್-ಸ್ಕ್ವೇರ್ (ಮಾಡೆಲ್ ಎಷ್ಟು ವಿವರಿಸ್ತು ಅನ್ನೋ ನಂಬರ್) ಸರಿಯಾಗಿ 1 ಬಂತಾ? ಡಿಪ್ಲೈಯರ್ ಲೋಡ್ ಆಗದೆ ಆರ್‌ನ ಸ್ವಂತ ಲ್ಯಾಗ್ ಫಂಕ್ಷನ್ ಓಡಿದೆ, ಅದು ಸಾಮಾನ್ಯ ಕಾಲಮ್‌ನ ಒಂದಿಂಚೂ ಸರಿಸಲ್ಲ, ನೀವು ಇವತ್ತಿನ ಒತ್ತಡದಿಂದ ಇವತ್ತಿನ ಒತ್ತಡವನ್ನೇ ಊಹಿಸ್ತಿದೀರ.

ಲ್ಯಾಗ್ ಸರಿ ಇದೆ ಅಂತಾದ್ರೆ ಮುಂದಿನ ಅನುಮಾನ ಮನುಷ್ಯನ ಜಾಯಮಾನದ ಮೇಲೆ. ಕೆಲವರಿಗೆ ಯಾವಾಗ್ಲೂ ಸಾಲ ಇರುತ್ತೆ, ಕೆಲವರು ಯಾವಾಗ್ಲೂ ಟೆನ್ಷನ್ ಪಾರ್ಟಿ, ಈ ಎರಡು ಗುಂಪು ಬಹಳಷ್ಟು ಸಲ ಒಂದರ ಮೇಲೊಂದು ಬೀಳುತ್ತೆ, ಬಡತನವೋ ಮಳೆ ನಂಬಿದ ಜಮೀನೋ ಏನೋ ಒಂದು ಹಳೇ ಕಾರಣಕ್ಕೆ. ಅದು ಏನು ಮಾಡುತ್ತೆ ಅಂತ ಕಾಗದದ ಮೇಲೇ ಲೆಕ್ಕ ಹಾಕ್ಬಹುದು, ಒಮ್ಮೆ ಹಾಕಿ ನೋಡಿ, ಆಮೇಲೆ ಜೀವನದಲ್ಲಿ ಮರೆಯಲ್ಲ.

ಸಾಲ ಒತ್ತಡಕ್ಕೆ ಕಾರಣ ಅಲ್ಲ, ಒತ್ತಡ ಸಾಲಕ್ಕೆ ಕಾರಣ ಅಲ್ಲ, ಪರಿಣಾಮ ಎರಡೂ ಕಡೆ ಪೂರ್ತಿ ಸೊನ್ನೆ ಅಂತ ಇಟ್ಕೊಳ್ಳೋಣ. ಎರಡರಲ್ಲೂ ಅರ್ಧ ವೇರಿಯನ್ಸ್ (ನಂಬರ್‌ಗಳು ಎಷ್ಟು ಚದುರಿದೆ ಅನ್ನೋ ಅಳತೆ) ಆ ಮನುಷ್ಯನ ಸ್ಥಿರ ಗುಣ, ಇನ್ನರ್ಧ ಒಂದಕ್ಕೊಂದು ಸಂಬಂಧವಿಲ್ಲದ ಆ ವರ್ಷದ ಏರಿಳಿತ. ಸ್ಥಿರ ಗುಣಗಳ ಮಧ್ಯೆ ಕೋರಿಲೇಷನ್ (ಎರಡೂ ಎಷ್ಟು ಜೊತೆಜೊತೆಗೆ ಹೋಗುತ್ತೆ ಅನ್ನೋ ಅಳತೆ) 0.5. ಆಗ ಸಾಲಕ್ಕೂ ಹೋದ ವರ್ಷದ ಸಾಲಕ್ಕೂ 0.5, ಸಾಲಕ್ಕೂ ಒತ್ತಡಕ್ಕೂ ಯಾವ ವರ್ಷ ತಗೊಂಡ್ರೂ 0.25. ಇದನ್ನ ಕ್ರಾಸ್-ಲ್ಯಾಗ್ಡ್ ಮಾಡೆಲ್‌ಗೆ ಹಾಕಿದ್ರೆ ಅಡ್ಡ ಬಾಣ 0.125 ಭಾಗಿಸು 0.9375, ಅಂದ್ರೆ 0.13. ಸಾವಿರ ಜನ ಇದ್ರೆ ಟಿ ವ್ಯಾಲ್ಯೂ (ದೊಡ್ಡದಾದಷ್ಟೂ ಸ್ಟಾರ್ ಜಾಸ್ತಿ) 4.8ರ ಹತ್ರ. ಎರಡೂ ದಿಕ್ಕಿಗೆ, ಮೂರು ಸ್ಟಾರ್ ಸಮೇತ. ಇಲ್ಲದ ಪರಿಣಾಮಕ್ಕೆ! ಜನ ಹೆಚ್ಚಾದಷ್ಟೂ ಟಿ ಇನ್ನೂ ಹೆಚ್ಚಾಗುತ್ತೆ.

ನಿಮ್ಮ ಡೇಟಾದಲ್ಲಿ ಇದೇ ಆಗ್ತಿದೆಯಾ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತೆ. ಒಂದೇ ವೇರಿಯಬಲ್‌ನ ವೇವ್ 1ಕ್ಕೂ 2ಕ್ಕೂ, 1ಕ್ಕೂ 3ಕ್ಕೂ, 1ಕ್ಕೂ 4ಕ್ಕೂ ಕೋರಿಲೇಷನ್ ತೆಗೀರಿ. 0.6, 0.36, 0.22 ಹೀಗೆ ಜಾರ್ತಾ ಹೋದ್ರೆ ಹೋದ ವರ್ಷದ ನೆನಪಷ್ಟೇ ಕೆಲಸ ಮಾಡ್ತಿದೆ. 0.6, 0.52, 0.5 ಅಂತ ಒಂದು ಕಡೆ ಬಂದು ಕೂತ್ಬಿಟ್ರೆ ತಳದಲ್ಲಿ ಸ್ಥಿರ ಗುಣ ಇದೆ, ಮಾಮೂಲಿ ಮಾಡೆಲ್ ಬಿಟ್ಬಿಡಿ.

ಇದಕ್ಕೆ ಎಲೆನ್ ಹಮಾಕರ್ ಮತ್ತೆ ಜೊತೆಗಾರರು 2015ರಲ್ಲಿ ಕೊಟ್ಟ ಔಷಧಿ ರ್ಯಾಂಡಮ್ ಇಂಟರ್‌ಸೆಪ್ಟ್ ಹಾಕಿದ ಕ್ರಾಸ್-ಲ್ಯಾಗ್ಡ್ ಮಾಡೆಲ್. ಪ್ರತಿ ಮನುಷ್ಯನ ಸ್ಥಿರ ಮಟ್ಟವನ್ನ ಒಂದು ಕಡೆ ಎತ್ತಿಟ್ಟು, ಅವನ ಮಾಮೂಲಿಗಿಂತ ಈ ವರ್ಷ ಸಾಲ ಜಾಸ್ತಿಯಾದ್ರೆ ಮುಂದಿನ ವರ್ಷ ಅವನ ಮಾಮೂಲಿಗಿಂತ ಒತ್ತಡ ಜಾಸ್ತಿ ಆಗುತ್ತಾ ಅಂತ ಕೇಳುತ್ತೆ. ಕಡಿಮೆ ಅಂದ್ರೂ ಮೂರು ವೇವ್ ಬೇಕು, ಮೂರೇ ಇದ್ರೆ ಉಳಿಯೋ ಡಿಗ್ರಿ ಆಫ್ ಫ್ರೀಡಮ್ (ಮಾಡೆಲ್ ಡೇಟಾಗೆ ಹೊಂದುತ್ತಾ ಅಂತ ಪರೀಕ್ಷಿಸೋಕೆ ಇರೋ ಅವಕಾಶ) ಒಂದೇ ಒಂದು (ಹಳೇ ಮಾಡೆಲ್‌ಗೆ ನಾಲ್ಕು ಇರುತ್ತೆ), ಅಂದ್ರೆ ಫಿಟ್ ಚೆನ್ನಾಗಿ ಬಂತು ಅಂತ ಬೀಗೋಕೆ ಹೆಚ್ಚೇನಿಲ್ಲ. ಆರ್‌ನ ಲಾವಾನ್ ಪ್ಯಾಕೇಜ್‌ನಲ್ಲಿ ಆರಾಮಾಗಿ ಬರೀಬಹುದು. ಇದೇ ಕೊನೇ ಮಾತು ಅಂತ ಎಲ್ಲರೂ ಒಪ್ಪಲ್ಲ, ಜನರ ನಡುವಿನ ವ್ಯತ್ಯಾಸವೇ ಪ್ರಶ್ನೆ ಆಗಿದ್ರೆ ಅದನ್ನ ತೆಗೆದುಹಾಕೋದು ಯಾಕೆ ಅಂತ ವಾದ ಮಾಡೋರೂ ಇದಾರೆ. ನನ್ನ ಮಟ್ಟಿಗೆ, ಬಾಯಲ್ಲಿ "ಕಾರಣ" ಅನ್ನೋ ಪದ ಬಂದ್ರೆ ಸ್ಥಿರ ಗುಣ ತೆಗೀದೆ ಮುಂದೆ ಹೋಗಲ್ಲ.

ಲಕ್ಷಣ: ಮಾಡೆಲ್ ಬದಲಾಯಿಸಿದ ಕೂಡ್ಲೇ ಪ್ಲಸ್ ಇದ್ದಿದ್ದು ಮೈನಸ್ ಆಯ್ತು

ಗಾಬರಿ ಬೇಡ, ಇದು ಯಾವಾಗ್ಲೂ ತಪ್ಪೇ ಆಗಿರ್ಬೇಕಿಲ್ಲ. ದಿನಾ ವಾಕಿಂಗ್ ಹೋಗೋರಿಗೆ ಮೊಣಕಾಲು ನೋವು ಕಡಿಮೆ ಅನ್ನೋದು ಜನರ ನಡುವಿನ ಮಾತು, ಅದೇ ಮನುಷ್ಯ ಒಂದು ವಾರ ಎಂದಿಗಿಂತ ಜಾಸ್ತಿ ನಡೆದ್ರೆ ಮೊಣಕಾಲು ಹಿಡ್ಕೊಳ್ಳುತ್ತೆ, ಅದು ಒಬ್ಬರೊಳಗಿನ ಮಾತು. ಎರಡೂ ನಿಜ ಆಗ್ಬಹುದು. ಹಾಗಾಗಿ ಮೊದಲು ಸ್ಕೇಲ್ ತಿರುಗಾಮುರುಗಾ ಕೋಡ್ ಆಗಿದೆಯಾ ನೋಡಿ (ಒಂದು ವೇವ್‌ನಲ್ಲಿ 1 ಅಂದ್ರೆ "ಯಾವಾಗ್ಲೂ", ಇನ್ನೊಂದರಲ್ಲಿ 1 ಅಂದ್ರೆ "ಇಲ್ಲವೇ ಇಲ್ಲ" ಇರುತ್ತೆ, ಪ್ರಶ್ನಾವಳಿ ತೆಗೆದು ಓದದೆ ಗೊತ್ತಾಗಲ್ಲ), ಅದು ಸರಿ ಇದ್ರೆ ಚಿಹ್ನೆ ಬದಲಾಗಿದ್ದಕ್ಕೆ ಅರ್ಥ ಇದೆಯಾ ಅಂತ ಯೋಚ್ನೆ ಮಾಡಿ.

ಆದ್ರೆ ಒಂದು ಥರದ ಮೈನಸ್ ಮಾತ್ರ ಪೂರಾ ಮೋಸ. ವೇಸಿ ಮತ್ತೆ ಮೈಲ್ಸ್ 2017ರಲ್ಲಿ ಮೂರು ವೇವ್ ಡೇಟಾ ಬಗ್ಗೆ ಬರೆದಾಗ ತೋರಿಸಿದ್ದು. ಸಾಲದ ಏಟು ಒತ್ತಡಕ್ಕೆ ಅದೇ ವರ್ಷ ಬೀಳುತ್ತೆ, ಮುಂದಿನ ವರ್ಷಕ್ಕೆ ಕಾಯಲ್ಲ ಅಂದ್ಕೊಳ್ಳಿ. ನೀವು ಮಾತ್ರ ವ್ಯತ್ಯಾಸ ತೆಗೆದು, ಹೋದ ಸಲದ ಸಾಲದ ಬದಲಾವಣೆಯನ್ನ ಈ ಸಲದ ಒತ್ತಡದ ಬದಲಾವಣೆಗೆ ಹಾಕಿದ್ರಿ. ಸಾಲ ಹೋದ ವರ್ಷ ತನ್ನ ಮಟ್ಟಕ್ಕಿಂತ ಮೇಲೆ ಹೋಗಿದ್ರೆ ಈ ವರ್ಷ ಕೆಳಗೆ ಬರುತ್ತೆ ಅಲ್ವಾ, ಒತ್ತಡವೂ ಅದರ ಜೊತೆ ಇಳಿಯುತ್ತೆ, ಹಾಗಾಗಿ ನಿಜವಾದ ಪರಿಣಾಮ ಪ್ಲಸ್ 0.4 ಇದ್ರೆ ನಿಮಗೆ ಕಾಣೋದು ಮೈನಸ್ 0.2. ಸರಿಯಾಗಿ ಅರ್ಧ, ಉಲ್ಟಾ ಚಿಹ್ನೆಯಲ್ಲಿ. ಸಾಲದ ವರ್ಷದ ಏರಿಳಿತಕ್ಕೆ ಹಿಂದಿನ ವರ್ಷದ ನೆನಪಿಲ್ಲದಿದ್ರೆ ಈ ಅರ್ಧ, ನೆನಪಿದ್ರೆ ಸ್ವಲ್ಪ ಆಚೀಚೆ. "ಸಾಲ ತಗೊಂಡ್ರೆ ಮನಸ್ಸಿಗೆ ನೆಮ್ಮದಿ" ಅಂತ ಪೇಪರ್ ಬರೆಯೋ ಮುಂಚೆ ಅದೇ ವೇವ್‌ನ ಸಾಲವನ್ನೂ ಮಾಡೆಲ್‌ಗೆ ಸೇರಿಸಿ ಒಮ್ಮೆ ಓಡ್ಸಿ. ಲ್ಯಾಗ್ ಸೊನ್ನೆ ಹತ್ರ ಹೋಗಿ ಅದೇ ವೇವ್‌ನದ್ದು ಪ್ಲಸ್ ಆಗಿ ನಿಂತ್ರೆ ಸಮಯದ ಅಂತರ ತಪ್ಪಾಗಿ ಹಾಕಿದೀರ ಅನ್ನೋದಕ್ಕೆ ಬಲವಾದ ಸುಳಿವು. ಪಕ್ಕಾ ತೀರ್ಪು ಅಲ್ಲ, ಯಾಕಂದ್ರೆ ಅದೇ ವರ್ಷದಲ್ಲಿ ಒತ್ತಡವೂ ಸಾಲವನ್ನ ತಳ್ತಾ ಇರ್ಬಹುದು.

ಲಕ್ಷಣ: ಫಿಕ್ಸೆಡ್ ಎಫೆಕ್ಟ್ಸ್ ಹಾಕಿದ್ಮೇಲೆ ಸ್ವಂತ ಲ್ಯಾಗ್ ಪಾತಾಳಕ್ಕೆ ಹೋಯ್ತು

ಫಿಕ್ಸೆಡ್ ಎಫೆಕ್ಟ್ಸ್ ಅಂದ್ರೆ ಪ್ರತಿಯೊಬ್ಬರ ಸ್ವಂತ ಸರಾಸರಿ ಕಳೆದು ಉಳಿದ ಏರಿಳಿತವನ್ನಷ್ಟೇ ನೋಡೋದು. ಹಾಗೆ ಮಾಡಿದ್ರೆ ಹೋದ ವರ್ಷದ ಒತ್ತಡ ಈ ವರ್ಷದ ಒತ್ತಡವನ್ನ ಹೇಳೋದೇ ಇಲ್ಲ ಅನ್ನೋ ಥರ 0.09 ಅಂತ ಬರುತ್ತೆ, ಕೆಲವು ಸಲ ಮೈನಸ್. ಇದು ಹಳೇ ಕಾಯಿಲೆ, ನಿಕೆಲ್ 1981ರಲ್ಲೇ ಲೆಕ್ಕ ಹಾಕಿ ತೋರಿಸಿದಾರೆ. ಪ್ರತಿಯೊಬ್ಬರ ಸರಾಸರಿ ಕಳೆದಾಗ ಆ ಸರಾಸರಿಯೊಳಗೆ ಮುಂದಿನ ವರ್ಷಗಳ ಎರರ್ ಕೂಡ ಸೇರಿರುತ್ತೆ, ಅದು ಲ್ಯಾಗ್‌ಗೆ ಅಂಟ್ಕೊಂಡು ಕೆಳಗೆ ಎಳೆಯುತ್ತೆ. ನಿಜವಾದದ್ದು 0.5 ಇದ್ದು ಲ್ಯಾಗ್ ಹೋದ್ಮೇಲೆ ನಾಲ್ಕು ವೇವ್ ಉಳಿದಿದ್ರೆ ನಿಮಗೆ ಕಾಣೋದು ಸುಮಾರು 0.09, ಹತ್ತು ವೇವ್ ಇದ್ರೂ 0.34. ಇನ್ನೂ ಹತ್ತು ಸಾವಿರ ಜನರನ್ನ ಸೇರ್ಸಿದ್ರೂ ಇದು ಸರಿ ಹೋಗಲ್ಲ, ವೇವ್ ಹೆಚ್ಚಬೇಕು ಇಲ್ಲಾ ವಿಧಾನ ಬದಲಾಗ್ಬೇಕು.

ಸುಲಭ ಚೆಕ್: ಫಿಕ್ಸೆಡ್ ಎಫೆಕ್ಟ್ಸ್ ಇಲ್ಲದ ಸಾದಾ ರಿಗ್ರೆಷನ್ ಒಮ್ಮೆ, ಇರೋದು ಒಮ್ಮೆ ಓಡ್ಸಿ. ಸಾದಾದ್ದು ಸ್ವಂತ ಲ್ಯಾಗ್‌ನ ಮೇಲಕ್ಕೆ ಉಬ್ಬಿಸುತ್ತೆ, ಫಿಕ್ಸೆಡ್ ಕೆಳಕ್ಕೆ ಎಳೆಯುತ್ತೆ, ನಿಜ ಎರಡರ ಮಧ್ಯೆ ಎಲ್ಲೋ ಇರುತ್ತೆ. ಆಮೇಲೆ ಹಾಕೋ ದೊಡ್ಡ ವಿಧಾನದ ಉತ್ತರ ಈ ಗೋಡೆಗಳ ಆಚೆ ಬಂದ್ರೆ ಆ ವಿಧಾನದಲ್ಲೇ ಏನೋ ಎಡವಟ್ಟು.

ಇಲ್ಲೇ ಇನ್ನೊಂದು ಮಾತು, ಬಹಳ ಜನ ಇದನ್ನ ಗಮನಿಸೋದೇ ಇಲ್ಲ. ಮಾಮೂಲಿ ಫಿಕ್ಸೆಡ್ ಎಫೆಕ್ಟ್ಸ್ ಒಂದು ಷರತ್ತು ಹಾಕುತ್ತೆ, ಈ ವರ್ಷದ ಒತ್ತಡದ ಏರಿಳಿತ ಮುಂದಿನ ವರ್ಷದ ಸಾಲವನ್ನ ಮುಟ್ಟಬಾರದು ಅಂತ. ಅರೆ, ಅದನ್ನೇ ಅಲ್ವಾ ನಾವು ಕೇಳ್ತಿರೋದು? ಉತ್ತರ "ಇಲ್ಲ" ಅಂತ ಮೊದಲೇ ಒಪ್ಕೊಂಡು ಪ್ರಶ್ನೆ ಕೇಳಿದ ಹಾಗಾಯ್ತು. ಪರೀಕ್ಷೆಗೆ ಮುಂದಿನ ವೇವ್‌ನ ಸಾಲವನ್ನ ಒತ್ತಡದ ಸಮೀಕರಣಕ್ಕೆ ಸೇರಿಸಿ ನೋಡಿ, ನಾಳೆಯ ಸಾಲ ಇವತ್ತಿನ ಒತ್ತಡದ ಜೊತೆ ಸಿಗ್ನಿಫಿಕೆಂಟ್ ಬಂದ್ರೆ ಆ ಷರತ್ತು ಮುರಿದಿದೆ ಅಂತ ಅರ್ಥ.

ಆಗ ಎರಡು ದಾರಿ. ಅರೆಯಾನೊ ಮತ್ತೆ ಬಾಂಡ್ 1991ರ ಜಿಎಂಎಂ ಅನ್ನೋ ಅಂದಾಜು ವಿಧಾನ, ಹಳೇ ವೇವ್‌ಗಳನ್ನೇ ಇನ್‌ಸ್ಟ್ರುಮೆಂಟ್ (ಎರರ್ ಅಂಟದ ಬದಲಿ ಅಳತೆ) ಮಾಡ್ಕೊಳ್ಳುತ್ತೆ. ಇಲ್ಲಾ ಆಲಿಸನ್, ವಿಲಿಯಮ್ಸ್, ಮೊರಾಲ್-ಬೆನಿಟೊ 2017ರಲ್ಲಿ ಹೇಳಿದ ಮ್ಯಾಕ್ಸಿಮಮ್ ಲೈಕ್ಲಿಹುಡ್ (ಕೈಲಿರೋ ಡೇಟಾಗೆ ಎಲ್ಲಕ್ಕಿಂತ ಚೆನ್ನಾಗಿ ಹೊಂದೋ ಉತ್ತರ ಆರ್ಸೋದು) ದಾರಿ, ಇದರಲ್ಲಿ ಇವತ್ತಿನ ಎರರ್ ನಾಳೆಯ ಸಾಲದ ಜೊತೆ ಸೇರ್ಕೊಳ್ಳೋಕೆ ಬಿಟ್ಟುಕೊಡ್ತಾರೆ. ವೇವ್ ಕಡಿಮೆ, ಜನ ಜಾಸ್ತಿ ಇರೋ ಸರ್ವೆ ಡೇಟಾಗೆ ನಾನು ಎರಡನೇದನ್ನ ಮೊದಲು ಪ್ರಯತ್ನ ಪಡ್ತೀನಿ.

ಲಕ್ಷಣ: ಹ್ಯಾನ್ಸೆನ್ ಟೆಸ್ಟ್ ಪಿ ವ್ಯಾಲ್ಯೂ 1.000

ಜಿಎಂಎಂ ಓಡ್ಸಿದವರಿಗೆ ಮಾತ್ರ. ಇನ್‌ಸ್ಟ್ರುಮೆಂಟ್‌ಗಳನ್ನ ನಂಬ್ಬಹುದಾ ಅಂತ ನೋಡೋ ಪರೀಕ್ಷೆ ಇದು. 1.000 ಅಂದ್ರೆ ನೂರಕ್ಕೆ ನೂರು ಪಾಸ್ ಅಲ್ಲ, ಪರೀಕ್ಷಕ ನಿದ್ದೆ ಮಾಡಿದಾನೆ ಅಂತ. ಇನ್‌ಸ್ಟ್ರುಮೆಂಟ್ ಅತಿಯಾಗಿ ತುಂಬಿದ್ರೆ ಟೆಸ್ಟ್‌ಗೆ ಶಕ್ತಿನೇ ಇರಲ್ಲ, ರೂಡ್ಮನ್ 2009ರಲ್ಲಿ ಇದರ ಬಗ್ಗೆಯೇ ಬರೆದ್ರು. ಎಷ್ಟು ಇನ್‌ಸ್ಟ್ರುಮೆಂಟ್ ಇದೆ ಅಂತ ಔಟ್‌ಪುಟ್‌ನಲ್ಲೇ ಬರೆದಿರುತ್ತೆ, ಲ್ಯಾಗ್ ಮಿತಿ ಹಾಕಿ, ಕೊಲ್ಯಾಪ್ಸ್ ಆಪ್ಷನ್ (ಇನ್‌ಸ್ಟ್ರುಮೆಂಟ್‌ಗಳನ್ನ ಒಟ್ಟುಗೂಡ್ಸೋದು) ಹಾಕಿ ಕಡಿಮೆ ಮಾಡಿ. ಎಆರ್(1) (ವ್ಯತ್ಯಾಸ ತೆಗೆದ ಮೇಲೆ ಅಕ್ಕಪಕ್ಕದ ವೇವ್‌ಗಳ ಎರರ್ ಒಂದಕ್ಕೊಂದು ಅಂಟಿದೆಯಾ ಅನ್ನೋ ಟೆಸ್ಟ್) ಸಿಗ್ನಿಫಿಕೆಂಟ್ ಬಂದ್ರೆ ತಲೆ ಕೆಡಿಸ್ಕೋಬೇಡಿ ಅದು ಬರ್ಲೇಬೇಕು, ಎಆರ್(2) (ಎರಡು ವೇವ್ ದೂರದ್ದು) ಬಂದ್ರೆ ಕೆಡಿಸ್ಕೊಳ್ಳಿ.

ಲಕ್ಷಣ: ಮಾಡೆಲ್ ಕನ್ವರ್ಜ್ ಆಗ್ತಿಲ್ಲ, ಇಲ್ಲಾ ವೇರಿಯನ್ಸ್ ಮೈನಸ್ ಬಂತು

ಕನ್ವರ್ಜ್ ಆಗ್ತಿಲ್ಲ ಅಂದ್ರೆ ಕಂಪ್ಯೂಟರ್ ಒಂದು ಉತ್ತರಕ್ಕೆ ಬಂದು ನಿಲ್ತಿಲ್ಲ ಅಂತ, ವೇರಿಯನ್ಸ್ ಅಂತೂ ನಿಜದಲ್ಲಿ ಮೈನಸ್ ಇರೋಕೇ ಆಗಲ್ಲ. ಮೊದಲು ಯೂನಿಟ್ ನೋಡಿ. ಸಾಲ ರೂಪಾಯಿಯಲ್ಲಿದೆ, 2,50,000 ಅಂತ, ಒತ್ತಡ 1ರಿಂದ 5. ಒಂದರ ವೇರಿಯನ್ಸ್ ಕೋಟಿ ಕೋಟಿಗಳಲ್ಲಿ, ಇನ್ನೊಂದರದ್ದು ಒಂದರ ಆಸುಪಾಸು, ಕಂಪ್ಯೂಟರ್ ಪಾಪ ಎಲ್ಲಿ ಹೆಜ್ಜೆ ಇಡ್ಬೇಕು ಅಂತ ಗೊತ್ತಾಗದೆ ಒದ್ದಾಡುತ್ತೆ. ಲಕ್ಷಕ್ಕೆ ಭಾಗಿಸಿ ಓಡ್ಸಿ, ಅರ್ಧಕ್ಕರ್ಧ ಸಲ ಅಷ್ಟಕ್ಕೇ ಸರಿ ಹೋಗಿದೆ ನಂಗೆ.

ಹೋಗ್ಲಿಲ್ಲ ಅಂದ್ರೆ ಯಾವ ವೇರಿಯನ್ಸ್ ಮೈನಸ್ ಅಂತ ಹುಡುಕಿ. ರ್ಯಾಂಡಮ್ ಇಂಟರ್‌ಸೆಪ್ಟ್‌ನದ್ದಾಗಿದ್ರೆ ಸ್ಥಿರ ಗುಣ ಅಂತ ಬೇರ್ಪಡಿಸೋಕೆ ಅಲ್ಲಿ ಹೆಚ್ಚೇನಿಲ್ಲ, ಇಲ್ಲಾ ಸ್ವಂತ ಲ್ಯಾಗ್ 1ರ ಹತ್ರ ಇದ್ದು ಯಾವುದು ಸ್ಥಿರ ಯಾವುದು ನಿಧಾನಕ್ಕೆ ಬದಲಾಗೋದು ಅಂತ ಮೂರು ವೇವ್‌ನಲ್ಲಿ ಗುರುತೇ ಸಿಗ್ತಿಲ್ಲ. ಮತ್ತೆ ಆ ಕೋರಿಲೇಷನ್ ಪಟ್ಟಿಗೇ ಹೋಗಿ ನೋಡಿ. ಮೈನಸ್ ಬಂದಿದ್ದನ್ನ ಸದ್ದಿಲ್ಲದೆ ಸೊನ್ನೆಗೆ ಕಟ್ಟಿ ಮುಂದೆ ಹೋಗೋದು ಗೇಜ್ ಕೆಂಪಾಯ್ತು ಅಂತ ಬಲ್ಬ್ ಬಿಚ್ಚಿಟ್ಟ ಹಾಗೆ, ಕಟ್ಟಲೇಬೇಕಾದ್ರೆ ವರದಿಯಲ್ಲಿ ಬರೀರಿ.

ಲಕ್ಷಣ: ಒಂದು ವೇವ್ ಬಿಟ್ಟು ಓಡ್ಸಿದ್ರೆ ಉತ್ತರವೇ ಬೇರೆ

ಬಿಟ್ಟ ವೇವ್ 2020ರದ್ದಾ ಅಂತ ಮೊದಲು ಕೇಳ್ಕೊಳ್ಳಿ. ಲಾಕ್‌ಡೌನ್‌ನಲ್ಲಿ ಎಲ್ಲರ ಸಾಲವೂ ಏರ್ತು ಎಲ್ಲರ ಟೆನ್ಷನ್ನೂ ಏರ್ತು, ಅದು ಒಂದರಿಂದ ಇನ್ನೊಂದು ಆಗಿದ್ದಲ್ಲ, ಪ್ರತಿ ವೇವ್‌ಗೂ ಒಂದು ಡಮ್ಮಿ (ಆ ವೇವ್ ಆದ್ರೆ 1, ಇಲ್ಲಾಂದ್ರೆ 0 ಇರೋ ಕಾಲಮ್) ಹಾಕಿದ್ರೆ ಎಲ್ಲರಿಗೂ ಸಮನಾಗಿ ಬಿದ್ದ ಭಾಗ ಹೋಗುತ್ತೆ, ಆಟೋ ಓಡಿಸೋರಿಗೆ ಒಂದು ಥರ ಸರ್ಕಾರಿ ನೌಕರರಿಗೆ ಒಂದು ಥರ ಬಿದ್ದ ಭಾಗ ಹೋಗಲ್ಲ.

ಆಮೇಲೆ ವೇವ್‌ಗಳ ನಡುವಿನ ಅಂತರ. ಸಿಎಂಐಇ ಕನ್ಸ್ಯೂಮರ್ ಪಿರಮಿಡ್ಸ್ ಅನ್ನೋ ಸರ್ವೆ ಒಂದೇ ಮನೆಗೆ ವರ್ಷಕ್ಕೆ ಮೂರು ಸಲ ಹೋಗುತ್ತೆ, ಆಂಧ್ರ ಮತ್ತೆ ತೆಲಂಗಾಣದ ಮಕ್ಕಳನ್ನ ಹಿಂಬಾಲಿಸಿದ ಯಂಗ್ ಲೈವ್ಸ್ ಮೊದಲ ಐದು ಸುತ್ತಿಗೆ 2002, 2006, 2009, 2013, 2016ರಲ್ಲಿ ಹೋಗಿದೆ, ಇಂಡಿಯಾ ಹ್ಯೂಮನ್ ಡೆವಲಪ್‌ಮೆಂಟ್ ಸರ್ವೆಯ ಮೊದಲ ಎರಡು ಸುತ್ತು 2004-05 ಮತ್ತೆ 2011-12. ನಾಲ್ಕು ತಿಂಗಳ ಲ್ಯಾಗ್‌ಗೂ ಏಳು ವರ್ಷದ ಲ್ಯಾಗ್‌ಗೂ ಒಂದೇ ಹೆಸರು ಇದ್ರೂ ಎರಡೂ ಒಂದೇ ವಸ್ತು ಅಲ್ಲ, ಕೈಸಾಲದ ಚಿಂತೆ ಏಳು ವರ್ಷ ಹಾಗೇ ಇರುತ್ತಾ? ಯಂಗ್ ಲೈವ್ಸ್‌ನಲ್ಲಿ ಅಂತರವೇ ಒಂದು ಕಡೆ ನಾಲ್ಕು ಒಂದು ಕಡೆ ಮೂರು, ಅಲ್ಲಿ ಎಲ್ಲಾ ಬಾಣಗಳನ್ನೂ ಸಮ ಅಂತ ಕಟ್ಟಿಹಾಕಿದ್ರೆ ಮಾಡೆಲ್ ನರಳುತ್ತೆ.

ಕೊನೇಗೆ ಬಿಟ್ಟು ಹೋದವರು. ಎಲ್ಲಾ ವೇವ್‌ಗೂ ಸಿಕ್ಕವರು ಮತ್ತೆ ಮಧ್ಯೆ ಕೈಬಿಟ್ಟವರು, ಇಬ್ಬರ ಮೊದಲ ವೇವ್ ಸರಾಸರಿ ಪಕ್ಕ ಪಕ್ಕ ಇಟ್ಟು ನೋಡಿ. ಸಾಲ ತೀರಿಸೋಕಾಗದೆ ಊರು ಬಿಟ್ಟು ಬೆಂಗಳೂರಿಗೆ ಬಂದವರ ಮನೆಗೆ ಬೀಗ ಬಿದ್ದಿರುತ್ತೆ, ನಿಮಗೆ ಬೇಕಾಗಿದ್ದ ಕಥೆಯೇ ಆ ಬೀಗದ ಹಿಂದೆ ಇತ್ತು.

ಲಕ್ಷಣ: "ಸಾಲದ ಬಾಣ 0.12, ಒತ್ತಡದ ಬಾಣ 0.07, ಹಾಗಾದ್ರೆ ಸಾಲವೇ ಮೂಲ" ಅಂತ ಗೈಡ್ ಹೇಳಿದ್ರು

ಮೆಲ್ಲಗೆ, ಗೌರವವಾಗಿ ಇಲ್ಲ ಅನ್ನಿ. ಎರಡೂ ಬಾಣ ಸಮ ಅಂತ ಕಟ್ಟಿ ಫಿಟ್ ನಿಜವಾಗ್ಲೂ ಕೆಡುತ್ತಾ ನೋಡದೆ ಹೋಲಿಸೋದು ಬೇಡ, ಎಷ್ಟೋ ಸಲ ಎರಡರ ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ನಂಬರ್ ಇರ್ಬಹುದಾದ ವ್ಯಾಪ್ತಿ) ಒಂದರ ಮೇಲೊಂದು ಮಲಗಿರುತ್ತೆ. ಇನ್ನು ಸಾಲವನ್ನ ಪಾಸ್‌ಬುಕ್ ನೋಡಿ ಬರ್ಕೊಂಡಿರ್ತಾರೆ, ಒತ್ತಡವನ್ನ ಬಾಗಿಲಲ್ಲಿ ನಿಂತು ಎರಡು ಪ್ರಶ್ನೆ ಕೇಳಿ ಬರ್ಕೊಂಡಿರ್ತಾರೆ. ಅಳತೆ ಸಡಿಲ ಇದ್ದ ಕಡೆಯಿಂದ ಹೊರಡೋ ಬಾಣ ಸಾಮಾನ್ಯವಾಗಿ ಸಣ್ಣದಾಗಿ ಕಾಣುತ್ತೆ, ಪರಿಣಾಮ ಸಣ್ಣದು ಅಂತ ಅಲ್ಲ.

ಎಲ್ಲಿ ನಿಲ್ಲಿಸ್ಬೇಕು, ಯಾರನ್ನ ಕೇಳ್ಬೇಕು

ಎರಡೇ ವೇವ್ ಇದ್ರೆ ಇಲ್ಲೇ ನಿಲ್ಲಿಸಿ. ಸ್ಥಿರ ಗುಣವನ್ನೂ ಎರಡೂ ದಿಕ್ಕಿನ ಬಾಣವನ್ನೂ ಎರಡು ವೇವ್‌ನಿಂದ ಬೇರೆ ಮಾಡೋಕೆ ಆಗಲ್ಲ, ಯಾವ ಪ್ಯಾಕೇಜ್ ಹಾಕಿದ್ರೂ ಆಗಲ್ಲ. ಸ್ಥಿರ ಅಲ್ಲದ ಮೂರನೇ ಕಾರಣ ಇದೆ ಅಂತ ಗೊತ್ತಿದ್ರೂ ನಿಲ್ಲಿಸಿ: ಒಂದು ವರ್ಷ ಬೋರ್‌ವೆಲ್ ಬತ್ತಿ ಸಾಲವೂ ಆಯ್ತು ಟೆನ್ಷನ್ನೂ ಆಯ್ತು ಅಂದ್ರೆ ರ್ಯಾಂಡಮ್ ಇಂಟರ್‌ಸೆಪ್ಟ್ ಅದನ್ನ ಹಿಡಿಯಲ್ಲ, ಅದನ್ನ ಅಳೆದು ಮಾಡೆಲ್‌ಗೆ ಹಾಕ್ಬೇಕು. ಆ ಮೂರನೇದೇ ಹಿಂದಿನ ಸಾಲದಿಂದ ಬದಲಾಗ್ತಿದ್ರೆ (ಸಾಲ ತೀರಿಸೋಕೆ ಜಮೀನು ಮಾರಿ, ಜಮೀನು ಹೋಗಿದ್ದಕ್ಕೆ ಒತ್ತಡ ಆಗಿ, ಮತ್ತೆ ಸಾಲ) ಸುಮ್ನೆ ಕಂಟ್ರೋಲ್ ಅಂತ ಸೇರಿಸೋದು ಅಪಾಯ, ಅಲ್ಲಿಗೆ ಮಾರ್ಜಿನಲ್ ಸ್ಟ್ರಕ್ಚರಲ್ ಮಾಡೆಲ್ (ಇಂಥ ಕಾರಣಗಳನ್ನ ತೂಕ ಕೊಟ್ಟು ಸರಿದೂಗ್ಸೋದು) ಥರದ ವಿಧಾನ ಬೇಕು, ಒಬ್ಬ ಬಯೋಸ್ಟಾಟಿಸ್ಟಿಕ್ಸ್ ಇಲ್ಲಾ ಎಕನಾಮೆಟ್ರಿಕ್ಸ್ ಗೊತ್ತಿರೋರನ್ನ ಹಿಡೀರಿ. ಆರನೇ ಮಾಡೆಲ್ ಓಡ್ಸಿ ಏಳನೇದಕ್ಕೆ ಸ್ಟಾರ್ ಬರುತ್ತಾ ಅಂತ ಕಾಯ್ತಿದೀರ ಅಂದ್ರೂ ಲ್ಯಾಪ್‌ಟಾಪ್ ಮುಚ್ಚಿ, ಓಡ್ಸಿದ ಆರನ್ನೂ ಒಂದು ಫೈಲ್‌ನಲ್ಲಿ ಬರೆದಿಡಿ.

ಕೇಳೋಕೆ ಹೋಗುವಾಗ ನಿಜವಾದ ಡೇಟಾ ತಗೊಂಡು ಹೋಗ್ಬೇಡಿ. ಬಾಣಗಳ ಚಿತ್ರ ಕೈಯಲ್ಲೇ ಬರೆದಿದ್ದು ಸಾಕು, ವೇವ್ ತಾರೀಖುಗಳು, ವೇವ್-ವೇವ್ ಕೋರಿಲೇಷನ್ ಪಟ್ಟಿ, ಮತ್ತೆ ಪರಿಣಾಮ ಸೊನ್ನೆ ಅಂತ ನೀವೇ ಹುಟ್ಟಿಸಿದ ಸುಳ್ಳು ಡೇಟಾದ ಮೇಲೆ ನಿಮ್ಮ ಕೋಡ್ ಏನು ಕೊಡುತ್ತೆ ಅನ್ನೋ ಔಟ್‌ಪುಟ್. ಅಲ್ಲೂ 0.13 ಬಂದಿದ್ರೆ ಅವರು ಬಹುಶಃ ಟೀ ಕುಡಿಯೋಷ್ಟರಲ್ಲಿ ಎಲ್ಲಿ ತಪ್ಪಿದೆ ಅಂತ ಹೇಳ್ಬಿಡ್ತಾರೆ.